ಭಾವನ ಲ್ಯಾಪ್‌ಟಾಪು, ಅಕ್ಕನ ಕಾಲ್ಗುಣ

ಮೊದಲು ಪರದೆಯ ಮೇಲೆ ಹಸಿರು ಗೆರೆಗಳು ಬರುತ್ತಿದ್ದವು, ಮೇಲಿನಿಂದ ಕೆಳಗಿನವರೆಗೆ, ಪಟ್ಟೆ ಸೀರೆಯ ಹಾಗೆ. ಆಮೇಲೆ ಚಿತ್ರ ನಿಂತಲ್ಲೇ ನಿಲ್ಲುತ್ತಿತ್ತು. ಹಾಡು ಒಂದೇ ಅಕ್ಷರವನ್ನು ಕಚ್ಚಿಕೊಂಡು ಕಿರುಚುತ್ತಿತ್ತು. ಕೊನೆಗೆ ಎಲ್ಲ ಕಪ್ಪು. ಆ ಕಪ್ಪು ಪರದೆಯಲ್ಲಿ ನನ್ನ ಮುಖ, ಅದರ ಹಿಂದೆ ತನುಶ್ರೀ ಅಕ್ಕನ ಮುಖ ಕಾಣುತ್ತಿತ್ತು. ನನಗೆ ಹೆದರಿಕೆಯಾಗುತ್ತಿದ್ದದ್ದು ಅವಳ ಮುಖ ನೋಡಿ.

"ಹೋಯ್ತಾ ಚೂಡಿ?" ಅನ್ನುತ್ತಿದ್ದಳು.

"ಹೋಯ್ತು. ಕಾಣ್ತಿಲ್ವಾ? ತಲೆ ತಿನ್ಬೇಡ" ಎಂದು ರೇಗುತ್ತಿದ್ದೆ. ಹೆದರಿಕೆಯಾದಾಗಲೆಲ್ಲ ನನಗೆ ಸಿಟ್ಟೇ ಬರುವುದು. ಹುಟ್ಟುಗುಣ, ಏನು ಮಾಡಲಿ?

ಅದು ಎರಡು ಸಾವಿರದ ಒಂಬತ್ತರ ಆಷಾಢ. ಅಕ್ಕನ ಮದುವೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎಂದು ಹೊಸ ಮದುವಣಗಿತ್ತಿಯನ್ನು ತವರಿಗೆ ಕಳಿಸುತ್ತಾರಲ್ಲ, ಹಾಗೆ ವಿಶ್ವೇಶ್ವರಪುರದ ಗಂಡನ ಮನೆಯಿಂದ ಚಾಮರಾಜಪೇಟೆಯ ನಮ್ಮ ಮನೆಗೆ ಬಂದಿದ್ದಳು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಗಂಡನ ಲ್ಯಾಪ್‌ಟಾಪು. ಮನೋಹರ್ ಭಾವ ಹಗಲೆಲ್ಲ ಮಾಮೂಲ್‌ಪೇಟೆಯಲ್ಲಿ ಅವರಪ್ಪನ ಬಳೆ ಅಂಗಡಿಯಲ್ಲಿ ಕೂರುತ್ತಾರೆ. ಸಂಜೆ ಮನೆಗೆ ಬಂದು ಕಾರ್ ರೇಸು ಆಡುತ್ತಾರೆ. ಅದಕ್ಕೆಂದೇ ಕೊಂಡ ಗೇಮಿಂಗ್ ಲ್ಯಾಪ್‌ಟಾಪು ಅದು. ಎತ್ತಿದರೆ ರುಬ್ಬುಗುಂಡಿನಷ್ಟು ಭಾರ.

ಅದು ಕೆಡಲು ಶುರುವಾದದ್ದು ಅಕ್ಕ ಆ ಮನೆಗೆ ಕಾಲಿಟ್ಟ ಮಾರನೆಯ ದಿನದಿಂದ. ಅದೇ ವಾರ ಮಿಕ್ಸಿ ಸುಟ್ಟಿತು. ಆಮೇಲೆ ಅವಳ ಮಾವ ವೃಷಭೇಂದ್ರಪ್ಪನವರು ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡರು. ಅತ್ತೆ ವಿಶಾಲಮ್ಮ ಜಗಳಗಂಟಿಯಲ್ಲ. ಜಗಳವಾಡಿದ್ದರೆ ನಾನೇ ಹೋಗಿ ನಾಲ್ಕು ಮಾತು ಕೊಟ್ಟು ಬರುತ್ತಿದ್ದೆ. ಅವರದು ತಣ್ಣನೆಯ ದನಿ. "ನಾನೇನೂ ಹೇಳ್ತಿಲ್ಲಮ್ಮ. ನೀನು ಬರೋಕ್ ಮುಂಚೆ ಎಲ್ಲಾ ಚೆನ್ನಾಗಿತ್ತು ಅಂದೆ, ಅಷ್ಟೇ."

ಅಕ್ಕನನ್ನು ಬಿಟ್ಟುಹೋಗಲು ಬಂದ ದಿನ ಅಮ್ಮನಿಗೆ ಅದೇ ದನಿಯಲ್ಲಿ ಹೇಳಿದರು: "ಆಷಾಢ ಮುಗಿದ ತಕ್ಷಣ ಕರ್ಕೊಂಡ್ ಹೋಗ್ಲೇಬೇಕು ಅಂತೇನಿಲ್ಲ ಬೀಗರೆ. ಶಾಸ್ತ್ರ ಕೇಳಿಸ್ತೀವಿ. ದೀಪಾವಳಿವರೆಗೂ ತವರಲ್ಲೇ ಇರ್ಲಿ ಅಂದ್ರೆ ಇರ್ಲಿ ಬಿಡಿ."

ಅಮ್ಮ ನಗುನಗುತ್ತಲೇ ಅವರಿಗೆ ಕುಂಕುಮ ಕೊಟ್ಟು ಕಳಿಸಿ, ಒಳಗೆ ಬಂದು ಅಡುಗೆಮನೆಯ ನೆಲದ ಮೇಲೆ ಕುಸಿದಳು. ನಮ್ಮ ಬೀದಿಯ ಕೊನೆಯ ಮನೆಯ ಚಂದ್ರಕಲಾ ಹೀಗೇ ಒಂದು ಆಷಾಢಕ್ಕೆ ಬಂದವಳು. ಕರೆಯಲು ಯಾರೂ ಬರಲಿಲ್ಲ. ಅವಳ ಮಗ ಈಗ ಸ್ಕೂಲಿಗೆ ಹೋಗುತ್ತಾನೆ, ಅಪ್ಪನ ಮುಖ ಕಂಡಿಲ್ಲ.

ಮಾರನೆಯ ದಿನ ಭಾವ ನನಗೆ ಫೋನ್ ಮಾಡಿದರು. "ಚೂಡಾ, ನಾನು ಇದನ್ನೆಲ್ಲ ನಂಬಲ್ಲಮ್ಮ. ಆದ್ರೆ ಅಮ್ಮನ್ನ ನೀನೇ ನೋಡಿದೀಯಲ್ಲ. ಕಂಪ್ಯೂಟರ್ ಡಿಪ್ಲೊಮಾ ಓದ್ತಿದೀಯ, ಹೆಂಗಾದ್ರೂ ಸರಿಮಾಡ್ಬಿಡು. ಅದು ಸರಿಯಾಗಿ ವಾಪಸ್ ಬಂದ್ರೆ ಅಮ್ಮನ ಬಾಯಿ ಮುಚ್ಚುತ್ತೆ."

"ಅಂಗಡಿಗೆ ಕೊಡ್ಬಹುದಿತ್ತಲ್ಲ ಭಾವ?"

"ಕೊಟ್ಟಿದ್ದೆ. ಓರೆ ಸ್ಟ್ಯಾಂಡ್ ಮೇಲಿಟ್ಟು ಇಡೀ ದಿನ ಓಡಿಸಿದಾರೆ, ಒಂದ್ಸಲಾನೂ ಆಫ್ ಆಗಿಲ್ವಂತೆ. ಮನೆಗೆ ತಂದೆ, ಅವತ್ತೇ ಹೋಯ್ತು. ಅಂಗಡೀಲಿ ಸರಿ, ಸೊಸೆ ಇರೋ ಮನೇಲಿ ಹಾಳು ಅಂತ ಅಮ್ಮ ಇನ್ನೂ ಗಟ್ಟಿಯಾಗಿ ಹಿಡ್ಕೊಂಡ್ಬಿಟ್ರು."

ನನ್ನ ಡಿಪ್ಲೊಮಾದ ಸಂಪತ್ತು ನನಗೆ ಗೊತ್ತು. ಸಂಬಳ ಲೆಕ್ಕ ಹಾಕುವ ಪ್ರೋಗ್ರಾಮ್ ಬರೆಯುವುದು ಕಲಿಸಿದ್ದರು. ಗ್ರಾಫಿಕ್ಸ್ ಕಾರ್ಡ್ ಹೇಗಿರುತ್ತದೆಂದು ಕಣ್ಣಿಂದ ನೋಡಿದವಳಲ್ಲ. ಆದರೂ "ಆಯ್ತು ಭಾವ" ಅಂದುಬಿಟ್ಟೆ.

ಡಿಸ್‌ಪ್ಲೇ ಡ್ರೈವರ್ ಕೆಲಸ ನಿಲ್ಲಿಸಿದೆ ಎಂದು ಮೂಲೆಯಲ್ಲಿ ಒಂದು ಸಂದೇಶ ಬರುತ್ತಿತ್ತು. ಸರಿ, ಪರದೆಗೆ ಚಿತ್ರ ಮೂಡಿಸುವ ಆ ಸಾಫ್ಟ್‌ವೇರನ್ನೇ ತೆಗೆದೆ. ಸೈಬರ್ ಸೆಂಟರಿಗೆ ಹೋಗಿ ಹೊಸದನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದೆ. ಹಸಿರು ಗೆರೆ. ಹಳೆಯದನ್ನೇ ಮತ್ತೆ ಹಾಕಿದೆ. ಹಸಿರು ಗೆರೆ. ಆಟದ ಚಿತ್ರಗಳ ಗುಣಮಟ್ಟವನ್ನೆಲ್ಲ ಇಳಿಸಿದೆ. ಕಾರುಗಳು ಬೆಂಕಿಪೊಟ್ಟಣದ ಹಾಗೆ ಕಂಡವು, ಗೆರೆ ಮಾತ್ರ ಬಂದೇ ಬಂತು. ಕೊನೆಗೆ ಜೀವ ಕೈಯಲ್ಲಿ ಹಿಡಿದು ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿದೆ. ಆದರೂ ಆಟ ಹಾಕಿದರೆ ಬೇಗ ಸಾಯುತ್ತಿತ್ತು, ಅಕ್ಕನ ಮದುವೆಯ ವಿಡಿಯೋ ಹಾಕಿದರೆ ಸ್ವಲ್ಪ ತಡವಾಗಿ. ಧಾರೆ ಮುಗಿದು ಊಟದ ಎಲೆ ಹಾಕುವ ಹೊತ್ತಿಗೆ ಪ್ರತಿ ಸಲವೂ ಪರದೆ ಕಪ್ಪಾಗುತ್ತಿತ್ತು. ಆ ಎಲೆಗಳಿಗೆ ಬಡಿಸಿದ್ದನ್ನು ನಾವು ಯಾರೂ ನೋಡಲಿಲ್ಲ.

ಅಮ್ಮ ದಿನಾ ಪೂಜೆ ಮುಗಿಸಿ ಬಂದು ಅದರ ಮುಚ್ಚಳಕ್ಕೆ ವಿಭೂತಿ ಹಚ್ಚಲು ಶುರುಮಾಡಿದಳು.

"ಅಮ್ಮಾ, ಪುಡಿ ಒಳಗೆ ಹೋಗಿ ಇರೋದೂ ಹಾಳಾಗುತ್ತೆ!"

"ಬಾಯ್ ಮುಚ್ಚೇ. ನಿನ್ನ ಡಿಪ್ಲೊಮಾ ಏನು ಕಿಸಿದಿದೆ ಅಂತ ನೋಡ್ತಿದೀನಲ್ಲ."

ಅದೂ ನಿಜವೇ.

ಅಕ್ಕ ಲ್ಯಾಪ್‌ಟಾಪ್ ಮುಟ್ಟುವುದನ್ನು ಬಿಟ್ಟಳು. ಆಮೇಲೆ ಕೋಣೆಯೊಳಗೆ ಬರುವುದನ್ನೂ ಬಿಟ್ಟಳು. ಬಾಗಿಲಾಚೆ ನಿಂತು, "ನಾನು ಆಚೆ ಇದೀನಿ, ಈಗ ಹಾಕಿ ನೋಡು" ಅನ್ನುತ್ತಿದ್ದಳು. ಕಾಲೇಜಿನಲ್ಲಿ ಭಾಷಣದ ಸ್ಪರ್ಧೆಗಳನ್ನು ಗೆದ್ದ ಹುಡುಗಿ, ಹುಡುಗರನ್ನು ಮಾತಲ್ಲೇ ಓಡಿಸುತ್ತಿದ್ದವಳು.

ಒಂದು ಬೆಳಿಗ್ಗೆ ಹೂವು ತರಲು ಅಮ್ಮ ಅಕ್ಕನನ್ನು ಕರೆದುಕೊಂಡು ಮಾರ್ಕೆಟ್ಟಿಗೆ ಹೋದಳು. ಮನೆಯಲ್ಲಿ ನಾನೊಬ್ಬಳೇ. ಮಂಚದ ಮೇಲೆ ಕೂತು, ಮಂಡಿ ಮಡಚಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆಟ ಶುರುಮಾಡಿದೆ. ಹೇಳಿದರೆ ನಗುತ್ತೀರಿ, ಅವತ್ತು ನಾನು ಬೇಡಿಕೊಂಡದ್ದು ಅದು ಕೆಡಲಿ ಎಂದು. ಅಕ್ಕ ಮನೆಯಲ್ಲಿಲ್ಲದಾಗ ಕೆಟ್ಟರೆ ಅವಳ ಕಾಲಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಕೂಗಿ ಹೇಳಬಹುದಿತ್ತಲ್ಲ.

ಅದು ಕೆಡಲಿಲ್ಲ. ರೇಸು ಮುಗಿಯಿತು, ಇನ್ನೊಂದು ಶುರುವಾಯಿತು, ಅದೂ ಮುಗಿಯಿತು. ಒಂದು ಗೆರೆ ಇಲ್ಲ. ಬರೇ ಸುಯ್ಯೆನ್ನುವ ಗಾಳಿಯ ಸದ್ದು. "ಕೆಡು, ಕೆಟ್ಟು ಸಾಯಿ!" ಎಂದು ಅದಕ್ಕೆ ಬೈದೆ. ಅದು ಹಾಯಾಗಿ ಓಡುತ್ತಿತ್ತು.

ಗೇಟಿನ ಸದ್ದಾಯಿತು. ಅಕ್ಕ ಇದನ್ನು ನೋಡಬಾರದು ಎಂದು ಗಡಿಬಿಡಿಯಲ್ಲಿ ಎದ್ದು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟೆ. ಮುಚ್ಚುವಷ್ಟರಲ್ಲಿ ಅಮ್ಮ ಯಾವುದೋ ಚೀಲ ಹಿಡಿದುಕೋ ಎಂದು ಕರೆದಳು. ಚೀಲ ಒಳಗಿಟ್ಟು ತಿರುಗಿ ನೋಡುತ್ತೇನೆ, ಅಕ್ಕ ಕೋಣೆಯ ಹೊಸ್ತಿಲ ಮೇಲೆ ನಿಂತಿದ್ದಾಳೆ. ಮೇಜಿನ ಮೇಲೆ ಪರದೆ ತುಂಬ ಹಸಿರು ಗೆರೆ. ನಮ್ಮಿಬ್ಬರ ಕಣ್ಣೆದುರೇ ಕಪ್ಪಾಯಿತು.

"ಇಷ್ಟೊತ್ತು ಓಡ್ತಿತ್ತಾ?" ಅಕ್ಕ ಕೇಳಿದಳು.

ಸುಳ್ಳು ಹೇಳಬೇಕಿತ್ತು. ತಲೆಯಾಡಿಸಿಬಿಟ್ಟೆ. ಶಿವನಾಣೆ, ಆ ಗಳಿಗೆಯಲ್ಲಿ ನಾನೂ ನಂಬಿಬಿಟ್ಟೆ. ಅಕ್ಕ ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಳ್ಳತೊಡಗಿದಳು. ಎಷ್ಟು ಹೊತ್ತಾದರೂ ನೀರಿನ ಸದ್ದು ನಿಲ್ಲಲಿಲ್ಲ.

ಆ ಸದ್ದು ಕೇಳುತ್ತ ಕೂತಾಗ ನನಗೆ ಬಂದ ಸಿಟ್ಟು ಇಷ್ಟಷ್ಟಲ್ಲ. ವಿಶಾಲಮ್ಮನ ಮೇಲೆ, ಅಮ್ಮನ ಮೇಲೆ, ನಂಬಿದ ನನ್ನ ಮೇಲೆ. ದಡಕ್ಕನೆ ಎದ್ದು ಆ ದರಿದ್ರದ ಡಬ್ಬವನ್ನು ಮತ್ತೆ ಆನ್ ಮಾಡಿದೆ. ಎಡಗಡೆ ಮುಟ್ಟಿದರೆ ದೋಸೆ ಹೆಂಚು. ತೊಡೆಯ ಮೇಲಿದ್ದಾಗ ಹೀಗೆ ಸುಡುತ್ತಿರಲಿಲ್ಲವಲ್ಲ ಅಂದುಕೊಂಡೆ. ಗಾಳಿಯ ಸದ್ದೂ ಈಗ ಇರಲಿಲ್ಲ. ಕಿವಿ ಹತ್ತಿರ ಇಟ್ಟೆ. ಟಿಕ್, ಟಿಕ್ ಎಂದು ಏನೋ ಮಿಸುಕಾಡುತ್ತಿತ್ತು. ಎರಡೂ ಕೈಯಲ್ಲಿ ಎತ್ತಿ ಓರೆ ಮಾಡಿದೆ. ಸುಯ್ಯೆಂದು ಗಾಳಿ ಶುರುವಾಯಿತು. ನೆಟ್ಟಗಿಟ್ಟೆ. ನಿಂತಿತು. ಅಂಗಡಿಯವರ ಓರೆ ಸ್ಟ್ಯಾಂಡು ಆಗ ನೆನಪಾಯಿತು.

"ಅಕ್ಕಾ! ಫ್ಯಾನು ಕಣೇ! ಒಳಗಡೆ ಫ್ಯಾನು ಸಿಕ್ಕಾಕೊಂಡಿದೆ. ಚಿತ್ರ ಮೂಡಿಸೋ ಗ್ರಾಫಿಕ್ಸ್ ಚಿಪ್ ಕಾದು ಕಾದು ಕೈಕೊಡ್ತಿದೆ!"

ಅಕ್ಕ ಒದ್ದೆ ಕಾಲಲ್ಲೇ ಬಂದು ಹೊಸ್ತಿಲ ಹತ್ತಿರ ನಿಂತಳು. ಹಳೆಯ ಸ್ಕ್ರೂ ಡ್ರೈವರ್ ಹುಡುಕಿ ತಂದೆ. ಆದರೆ ಲ್ಯಾಪ್‌ಟಾಪನ್ನು ಬೋರಲು ಹಾಕಿ ಕೂತ ಮೇಲೆ ಕೈ ಮುಂದೆ ಹೋಗಲಿಲ್ಲ. ಬೀಗರ ವಸ್ತು. ತೆಗೆದ ಮೇಲೆ ಮತ್ತೆ ಹೊತ್ತಿಕೊಳ್ಳದಿದ್ದರೆ? ಕೆಡುವ ಲ್ಯಾಪ್‌ಟಾಪು ಹೋಗಿ ಸತ್ತ ಲ್ಯಾಪ್‌ಟಾಪು ವಾಪಸ್ ಹೋದರೆ ಅಕ್ಕನ ಗತಿ ಏನು?

ಅಕ್ಕ ಒಳಗೆ ಬಂದಳು. ಎಷ್ಟೋ ದಿನಗಳ ನಂತರ ಅದರ ಪಕ್ಕ ಕೂತಳು. "ತೆಗಿ" ಅಂದಳು.

ಒಂದೊಂದೇ ಸ್ಕ್ರೂ ತೆಗೆದು ತಟ್ಟೆಗೆ ಹಾಕಿದೆ. ಮುಚ್ಚಳ ಎದ್ದಿತು. ಅಂಗೈಯಗಲದ ಕಪ್ಪು ಫ್ಯಾನು. ಅದರ ರೆಕ್ಕೆಗೂ ಗೋಡೆಗೂ ನಡುವೆ ಮೂರ್ನಾಲ್ಕು ಅಕ್ಕಿಕಾಳು, ಏನೋ ಕಪ್ಪು ಅಂಟಿನಲ್ಲಿ ಕಚ್ಚಿಕೊಂಡು ಕೂತಿದ್ದವು. ಓರೆ ಮಾಡಿದಾಗ ಮಾತ್ರ ರೆಕ್ಕೆಯಿಂದ ಸ್ವಲ್ಪ ಆಚೆ ಜಾರುತ್ತಿದ್ದವೇನೋ.

ನನಗೆ ನಗು ತಡೆಯಲಾಗಲಿಲ್ಲ. "ಅಕ್ಕಿ ಕಣೇ! ಗ್ರಹಚಾರ ಅಂತೆ, ಶಾಸ್ತ್ರ ಅಂತೆ! ಬರೀ ಅಕ್ಕಿ!"

ಅಕ್ಕ ನಗಲಿಲ್ಲ. ಪಿನ್ನಿನಿಂದ ಕಾಳುಗಳನ್ನು ಎಬ್ಬಿಸಿ ಅಂಗೈಗೆ ಹಾಕಿಕೊಂಡು ಮೂಸಿದಳು. "ಬೆಲ್ಲ" ಅಂದಳು. "ಸೇರಕ್ಕಿ, ಚೂಡಿ."

ಆಗ ನನಗೂ ನೆನಪಾಯಿತು. ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲ ಮೇಲೆ ಇಟ್ಟ ಸೇರು, ತುಂಬ ಅಕ್ಕಿ, ಮೇಲೆ ಬೆಲ್ಲ. ಬಾಗಿಲ ಪಕ್ಕದ ಮಣೆಯ ಮೇಲೆ ಇದೇ ಲ್ಯಾಪ್‌ಟಾಪು ತೆರೆದುಕೊಂಡು ನಾದಸ್ವರ ನುಡಿಸುತ್ತಿತ್ತು. ಕೀಬೋರ್ಡಿನ ಮೇಲ್ಗಡೆ ಅದಕ್ಕೆ ಅಗಲ ಕಿಂಡಿಗಳ ಜಾಲರಿ ಇದೆ. ವಿಶಾಲಮ್ಮ "ಬಲಗಾಲು, ಮೆಲ್ಲಗೆ" ಅಂದಿದ್ದರು. ಅಕ್ಕನಿಗೆ ಅವತ್ತು ಏನು ಖುಷಿಯೋ, ಚೆಂಡಿಗೆ ಒದ್ದ ಹಾಗೆ ಒದ್ದಿದ್ದಳು.

"ನನ್ನ ಕಾಲೇ" ಅಂದಳು ಅಕ್ಕ. "ಅತ್ತೆ ಹೇಳಿದ್ದು ನಿಜಾನೇ ಆಯ್ತಲ್ಲೇ."

"ಲೂಸಾ ನೀನು? ಫ್ಯಾನಿಗೆ ಅಕ್ಕಿ ಸಿಕ್ಕಾಕೊಂಡ್ರೆ ಅದು ಕಾಲ್ಗುಣಾನಾ?"

"ಅವ್ರಿಗೆ ಹೋಗಿ ಹೇಳು ನೋಡೋಣ. ನಿಮ್ಮ ಸೊಸೆ ಒದ್ದಿದ್ದಕ್ಕೇ ಕೆಟ್ಟಿದ್ದು, ಆದ್ರೆ ಅದು ಕಾಲ್ಗುಣ ಅಲ್ಲ ಅಂತ ಹೇಳು."

ಅಕ್ಕ ಒಂದು ಗಳಿಗೆ ಅಂಗೈ ನೋಡಿಕೊಂಡಳು. ಮರುಕ್ಷಣ ಆ ಕಾಳುಗಳನ್ನು, ಧೂಳು ಅಂಟು ಸಮೇತ, ಬಾಯಿಗೆ ಹಾಕಿಕೊಂಡು ಕಟಕಟ ಅಗಿದು ನುಂಗಿದಳು.

"ಯಾರಿಗೂ ಹೇಳ್ಕೂಡ್ದು" ಅಂದಳು. "ನಿಮ್ಮ ಭಾವಂಗೂ."

ಸ್ಕ್ರೂ ಹಾಕಿ ಆನ್ ಮಾಡಿದೆ. ಮೇಜಿನ ಮೇಲಿಟ್ಟು ಸಂಜೆಯವರೆಗೂ ಆಟ ಓಡಿಸಿದೆ. ಗೆರೆ ಬರಲಿಲ್ಲ. ಫೋನಿನಲ್ಲಿ ಭಾವ ಕುಣಿದಾಡಿಬಿಟ್ಟರು.

ಶ್ರಾವಣ ಬಂತು. ವಿಶಾಲಮ್ಮನವರೇ ಮಗನನ್ನು ಕರೆದುಕೊಂಡು ಬಂದರು. ಕರೆದೊಯ್ಯಲು ಬಂದಿದ್ದಾರೋ, ದೀಪಾವಳಿವರೆಗೆ ಇರಲಿ ಎಂದು ಹೇಳಲು ಬಂದಿದ್ದಾರೋ ಅವರ ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಅಕ್ಕ ರೇಷ್ಮೆ ಸೀರೆ ಉಟ್ಟು ಅವರ ಕಾಲಿಗೆ ನಮಸ್ಕಾರ ಮಾಡಿ ಚಾಪೆಯ ಮೇಲೆ ಕೂತಳು. ಅಮ್ಮ ಕಾಫಿ ತಂದಳು.

"ಸರಿಹೋಯ್ತಂತೆ?" ಅಂದರು ವಿಶಾಲಮ್ಮ. "ಹಾಕು ನೋಡೋಣ. ಮದುವೆ ವಿಡಿಯೋ ನಾನಿನ್ನೂ ಪೂರ್ತಿ ನೋಡೇ ಇಲ್ಲ."

ಆ ವಿಡಿಯೋದ ಕೊನೆಯಲ್ಲಿ ಏನಿದೆ ಎಂದು ನನಗೆ ಆಗ ಹೊಳೆಯಿತು.

"ಆಂಟಿ, ರೇಸ್ ಆಟ ಹಾಕ್ಲಾ? ಅದ್ರಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ."

"ನಂಗ್ಯಾಕಮ್ಮ ರೇಸು? ಮದುವೇನೇ ಹಾಕು."

ಹಾಕಿದೆ. ಧಾರೆ ಆಯಿತು. ಎಲೆ ಹಾಕಿದರು. ಹೋಳಿಗೆ ಬಡಿಸಿದರು, ನಾವು ಮೊದಲ ಸಲ ನೋಡಿದೆವು. ಗೆರೆ ಬರಲಿ, ಇಲ್ಲಿಗೇ ನಿಲ್ಲಲಿ ಎಂದು ನಾನು ಮತ್ತೆ ಬೇಡಿಕೊಂಡೆ. ಪಾಪಿ ಲ್ಯಾಪ್‌ಟಾಪು ಗಡಿಯಾರದ ಹಾಗೆ ಓಡಿತು. ವಿಶ್ವೇಶ್ವರಪುರದ ಬಾಗಿಲು ಬಂತು. ತೋರಣ, ಹೊಸ್ತಿಲು, ಸೇರು. ಪಕ್ಕದಲ್ಲಿ ಮಣೆ, ಮಣೆಯ ಮೇಲೆ ಇದೇ ಲ್ಯಾಪ್‌ಟಾಪು. ಅಕ್ಕನ ಬಲಗಾಲು ಎದ್ದಿತು. ಅಕ್ಕಿ ಹಾರಿ ಕೀಬೋರ್ಡಿನ ತುಂಬ ಸುರಿದದ್ದು ಕನ್ನಡಿಯಷ್ಟು ಸ್ಪಷ್ಟವಾಗಿ ಕಂಡಿತು.

ವಿಶಾಲಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಅಬ್ಬಬ್ಬಾ, ಏನ್ ಒದ್ದಿದೀಯೇ ಹುಡುಗಿ!" ಎಂದು ಅವರು ನಕ್ಕುಬಿಟ್ಟರು. "ನಾನೇ ಗುಡಿಸಿದ್ದು, ಗೋಡೆವರೆಗೂ ಅಕ್ಕಿ!" ಆಮೇಲೆ ಅಮ್ಮನ ಕಡೆ ತಿರುಗಿದರು. "ಯಾರ ಕೈಲೂ ಆಗದ್ದು ಇವಳ ಜೊತೆ ತವರಿಗೆ ಬಂದು ಸರಿಹೋಯ್ತು ನೋಡಿ ಬೀಗರೆ. ನಾನೇ ತಪ್ಪು ತಿಳ್ಕೊಂಡಿದ್ದೆ. ಇವಳ ಕಾಲ್ಗುಣ ಚಿನ್ನದಂಥದ್ದು. ನಾಳೆ ದಿನ ಚೆನ್ನಾಗಿದೆ, ಕರ್ಕೊಂಡ್ ಹೋಗ್ತೀವಿ."

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಭಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಅಕ್ಕನ ಕೈ ಹಿಡಿದು ಅದುಮಿದೆ. ಆ ಕೈ ತಣ್ಣಗೆ ಕೊರೆಯುತ್ತಿತ್ತು.

"ಅತ್ತೆ" ಅಂದಳು ಅಕ್ಕ ಮೆಲ್ಲಗೆ. "ಅದಕ್ಕೂ ನನ್ನ ಕಾಲಿಗೂ ಏನೂ ಸಂಬಂಧ ಇಲ್ಲ."

"ಇದೆ ಕಣಮ್ಮ" ಎಂದು ವಿಶಾಲಮ್ಮ ಪ್ರೀತಿಯಿಂದಲೇ ಅವಳ ತಲೆ ಸವರಿದರು. "ಮನೇಲಿ ಏನಾದ್ರೂ ಅದಕ್ಕೆ ಸೊಸೆ ಕಾಲ್ಗುಣ ಇದ್ದೇ ಇರುತ್ತೆ."

ಅಷ್ಟರಲ್ಲಿ ಕರೆಂಟು ಹೋಯಿತು. ತಲೆಯ ಮೇಲಿನ ಫ್ಯಾನು ನಿಧಾನವಾಗಿ ನಿಂತಿತು. ಬ್ಯಾಟರಿಯ ಮೇಲೆ ವಿಡಿಯೋ ಮಾತ್ರ ಓಡುತ್ತಲೇ ಇತ್ತು.

"ಅಯ್ಯೋ, ಈಗ್ತಾನೇ ಹೊಗಳಿದೆ, ನೋಡಿ!" ಅಂದರು ವಿಶಾಲಮ್ಮ. ಎಲ್ಲರೂ ಹೋ ಎಂದು ನಕ್ಕರು. ಅಮ್ಮನೂ ನಕ್ಕಳು, ಭಾವನೂ ನಕ್ಕರು. ಅಕ್ಕ ಸೀರೆಯ ನೆರಿಗೆಯನ್ನು ಮುಂದಕ್ಕೆ ಎಳೆದು ಎರಡೂ ಪಾದಗಳನ್ನು ಮುಚ್ಚಿಕೊಂಡಳು.