ಜೋಡಿ ಕಾರ್ಡು

ಮುಚ್ಚಳ ಹಾಕಲು ಬಂದವರನ್ನು ಕೈ ಅಡ್ಡ ಹಿಡಿದು ತಡೆದ ಮಗಳು, ಶವಪೆಟ್ಟಿಗೆಯೊಳಗೆ ಬಾಗಿ ಅಪ್ಪನ ಕೋಟಿನ ಜೇಬಿನಿಂದ ಇಣುಕುತ್ತಿದ್ದುದನ್ನು ಎಳೆದಳು. ರೈಲಿನ ಕಾರ್ಡು. ಎಡಕ್ಕೆ ಅಪ್ಪನ ಫೋಟೋ, ಬಲಕ್ಕೆ ಅಮ್ಮನದು. ಇಬ್ಬರೂ ಯಾರ ಮೇಲೋ ಮುನಿಸಿಕೊಂಡು ಬಂದವರ ಹಾಗೆ ಕ್ಯಾಮೆರಾ ನೋಡುತ್ತಿದ್ದರು.

"ಅಪ್ಪನ್ನ ತಿಂದಿದ್ದು ಇದೇ," ಅಂದಳು, ಗೋಡೆಗೊರಗಿ ನಿಂತಿದ್ದ ತಾಯಿಯ ಕಡೆ ತಿರುಗಿ.

"ಒಳಗಿಡು. ಅವರ ಹತ್ರಾನೇ ಇರ್ಲಿ."

"ಇನ್ನೆಲ್ಲಿಗೆ ಹೋಗ್ಬೇಕಾಗಿದೆ ಅವರು? ಅರ್ಧ ಟಿಕೆಟ್ ಉಳಿಸೋಕೆ ಆ ಚಳೀಲಿ ಬೆಂಚಿನ ಮೇಲೆ ಕೂರಿಸಿ ಹೋದೆಯಲ್ಲ, ಸಾಕಾಗ್ಲಿಲ್ವಾ?"

ಪೆಟ್ಟಿಗೆಯವರು ತಮ್ಮ ಬೂಟುಗಳನ್ನು ನೋಡಿಕೊಂಡರು. ಅಳಿಯ ಸುಮ್ಮಸುಮ್ಮನೆ ಕೆಮ್ಮಿದ. ಸತ್ತವರ ಜೊತೆ ಮೂವತ್ತು ವರ್ಷ ಅಂಗಡಿ ನಡೆಸಿದ ಪಾಲುದಾರ ಮಾತ್ರ, "ಇವತ್ತು ಬೇಡ ಮಗಾ," ಅಂದ. ಮಗಳು ಕಾರ್ಡನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಮುಚ್ಚಳ ಬಿತ್ತು.

*

ಓಣಿಯಲ್ಲಿ ಸತ್ತ ಯಜಮಾನರಿಗೆ 'ಮೊಳೆಬಾಯಿ' ಎಂದೇ ಹೆಸರು. ಹಳೆಯ ಕುರ್ಚಿ, ಸೋಫಾಗಳ ಬಟ್ಟೆ ಕಿತ್ತು ಹೊಸದು ಹೊದಿಸುವ ಕೆಲಸ. ಸಣ್ಣ ಮೊಳೆಗಳನ್ನು ಬಾಯಲ್ಲಿಟ್ಟುಕೊಂಡು, ಬೇಕಾದಾಗ ಒಂದೊಂದನ್ನೇ ನಾಲಿಗೆಯಿಂದ ತುಟಿಗೆ ತಂದುಕೊಳ್ಳುತ್ತಿದ್ದರು. ಬಾಯಲ್ಲಿ ಮೊಳೆ ಇರುವವನನ್ನು ಯಾರೂ ಮಾತಾಡಿಸುವುದಿಲ್ಲ, ಈ ಕಸುಬಿನಲ್ಲಿ ಅದೇ ದೊಡ್ಡ ಲಾಭ. ಗಿರಾಕಿ ಚೌಕಾಸಿಗಿಳಿದರೂ ಮೊಳೆ, ಹೆಂಡತಿ ಜಗಳ ತೆಗೆದರೂ ಮೊಳೆ.

ಅಂಗಡಿಯ ಹೊರಗೆ ಮೊಳೆ ಇರುತ್ತಿರಲಿಲ್ಲವಲ್ಲ, ಅಲ್ಲಿಗೆ ಬೇರೆ ಉಪಾಯವಿತ್ತು. ಮನಸ್ಸಿಗೆ ತಾಕುವ ಮಾತು ಬಂದರೆ ಕೂತಿದ್ದ ಸೀಟನ್ನು ಅಂಗೈಯಿಂದ ಒತ್ತಿ ನೋಡಿ, "ಫೋಮ್ ಕೂತುಹೋಗಿದೆ," ಅನ್ನುತ್ತಿದ್ದರು. ಮಗಳು ತನ್ನ ಮದುವೆಯ ಸುದ್ದಿ ತಿಳಿಸಿದಾಗಲೂ ಅಷ್ಟೇ ಅಂದಿದ್ದರು. ಮಾತು ಕಿವಿಗೆ ಬಿದ್ದಿದೆ, ಒಳಗೂ ಇಳಿದಿದೆ ಎಂದು ಮನೆಯವರು ತಿಳಿದುಕೊಳ್ಳಬೇಕು.

ಮಗ ಗಡಿಯಾಚೆ ಲಾರಿ ಓಡಿಸುತ್ತಿದ್ದ. ಒಂದು ಬೆಳಿಗ್ಗೆ ಕುಡಿದ ಮತ್ತಿನಲ್ಲಿ, ಬಸ್ಸಿಗೆ ಕಾಯುತ್ತಿದ್ದ ಹೆಂಗಸು ಮತ್ತವಳ ಕೂಸಿನ ಮೇಲೆ ಹತ್ತಿಸಿದ. ಸುದ್ದಿ ಬಂದಾಗ ಯಜಮಾನರು ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿ, "ಇನ್ನು ಅವನ ಮುಖ ನೋಡಲ್ಲ," ಅಂದರು. ಆಡಿದ ಮಾತಿಗೆ ತಪ್ಪುವ ಜನವಲ್ಲ. ಮಗಳೂ ಅಪ್ಪನ ಕಡೆಗೇ ನಿಂತಳು. ಅವಳ ಮಡಿಲಲ್ಲಿ ಆಗ ಅಷ್ಟೇ ದೊಡ್ಡ ಕೂಸಿತ್ತು. ಅಂದಿನಿಂದ 'ಅಣ್ಣ' ಎಂಬ ಮಾತು ಅವಳ ಬಾಯಿಂದ ಬಂದಿರಲಿಲ್ಲ.

ತಾಯಿ ಮಾತ್ರ ಮಗನನ್ನಿಟ್ಟಿದ್ದ ಅಲ್ಲಿಯ ಜೈಲಿಗೆ ಹೋಗಿಬರುತ್ತೇನೆಂದು ಹಟ ಹಿಡಿದಳು. ತಿಂಗಳಿಗೊಂದು ಭೇಟಿ. ಬಾರದ ಭಾಷೆ, ಕಾಣದ ದೇಶ, ಒಬ್ಬಳೇ ರೈಲು ಹತ್ತಿ ಗೊತ್ತಿಲ್ಲ. ಆಕೆ ಚೀಲ ತುಂಬುತ್ತಿದ್ದಾಗ ಯಜಮಾನರು ಬಾಗಿಲಿಗೆ ಬಂದು ನಿಂತರು.

"ಅರವತ್ತು ದಾಟಿದ ಗಂಡಹೆಂಡ್ತಿಗೆ ಅಲ್ಲಿಯ ರೈಲಿನೋರು ಒಂದು ಕಾರ್ಡ್ ಕೊಡ್ತಾರಂತೆ. ಜೊತೇಲಿ ಹೋದ್ರೆ ಇಬ್ರಿಗೂ ಅರ್ಧ ಟಿಕೆಟ್. ನೀನೊಬ್ಳೇ ಹೋದ್ರೆ ಪೂರ್ತಿ ಕೊಡ್ಬೇಕು. ನಾನೂ ಬಂದ್ರೆ ಉಳಿಯುತ್ತೆ."

ಆಕೆ ಅರೆಗಳಿಗೆ ಅವರ ಮುಖವನ್ನೇ ನೋಡಿದಳು. "ಹಾಗಾದ್ರೆ ಬನ್ನಿ," ಅಂದಳು.

"ಜೈಲಿಗಲ್ಲ ಮತ್ತೆ. ಸ್ಟೇಷನ್ನಿನ ತನಕ."

"ಸ್ಟೇಷನ್ನಿನ ತನಕಾನೇ."

ಹೀಗೆ ಶುರುವಾಯಿತು. ಅವರು ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂರುವುದು, ಆಕೆ ಹೋಗಿ ಬರುವುದು. ಅವರು ಏನೂ ಕೇಳುತ್ತಿರಲಿಲ್ಲ, ಆಕೆ ಅವರಿಗೆ ಏನೂ ಹೇಳುತ್ತಿರಲಿಲ್ಲ. ಹಿಂದಿರುಗುವಾಗ ರೈಲಿನ ಕಿಟಕಿಗೆ ಹೇಳುತ್ತಿದ್ದಳು.

"ತೆಳ್ಳಗಾಗಿದಾನೆ. ಹಲ್ಲುನೋವಂತೆ, ರಾತ್ರಿ ನಿದ್ದೆ ಇಲ್ವಂತೆ."

ಒಂದೆರಡು ಸ್ಟೇಷನ್ ಕಳೆಯುತ್ತಿದ್ದವು. ಪಕ್ಕದ ಸೀಟಿನ ಮೇಲೆ ಅಂಗೈ ಒತ್ತಿದ ಸದ್ದು. "ಫೋಮ್ ಕೂತುಹೋಗಿದೆ."

ಮುಂದಿನ ತಿಂಗಳು ಆಕೆಯ ಚೀಲದಲ್ಲಿ ಹಲ್ಲುನೋವಿನ ಮಾತ್ರೆ ಇತ್ತು. ಇಟ್ಟವರು ಯಾರೆಂದು ಆಕೆ ಕೇಳಲಿಲ್ಲ.

*

ಸ್ಮಶಾನಕ್ಕೆ ಒಯ್ಯುವ ವ್ಯಾನು ಬರುವುದು ತಡವಾಯಿತು. ಬಂದವರು ಯಜಮಾನರೇ ಬಟ್ಟೆ ಹೊದಿಸಿದ ಕುರ್ಚಿಗಳ ತುದಿಯಲ್ಲಿ ಕೂತು ಕಾದರು. ಸುಮ್ಮನಿರಲಾಗದ ಅಳಿಯ ಬಾಯಿ ತೆಗೆದ.

"ಇನ್ಮೇಲೆ ಅತ್ತೆಗೆ ಆ ಕಾರ್ಡ್ ನಡೆಯಲ್ಲ. ಇಬ್ರೂ ಇರ್ಬೇಕಲ್ಲ. ಪೂರ್ತಿ ಟಿಕೆಟ್ ಅಂದ್ರೆ ಖರ್ಚು ಎರಡರಷ್ಟಾಗುತ್ತೆ."

"ಎರಡರಷ್ಟು ಹೇಗಾಗುತ್ತೆ?" ಅಂದ ಪಾಲುದಾರ. "ಇಬ್ರೂ ಅರ್ಧರ್ಧ ಕೊಟ್ಟು ಹೋಗ್ತಿದ್ರು. ಎರಡು ಅರ್ಧ ಸೇರಿದ್ರೆ ಒಂದು ಪೂರ್ತಿ. ಅತ್ತಿಗೆ ಒಬ್ರೇ ಹೋದ್ರೂ ಅಷ್ಟೇ..."

ಮಾತು ಅಲ್ಲೇ ನಿಂತಿತು.

"ಮತ್ತೆ ಉಳಿದಿದ್ದೇನು?" ಅಂದ ಅಳಿಯ ನಿಧಾನವಾಗಿ. "ವರ್ಷ ವರ್ಷ ಕಾರ್ಡಿಗೆ ಬೇರೆ ಕೊಡ್ಬೇಕು. ನಷ್ಟಾನೇ ಆಯ್ತಲ್ಲ."

ಮಗಳು ತಾಯಿಯನ್ನು ನೋಡಿದಳು. "ನಿನಗೆ ಗೊತ್ತಿತ್ತಾ ಅಮ್ಮ?"

"ಮೊದಲನೇ ದಿನಾನೇ."

"ಹೇಳಿದ್ರೆ ಅಪ್ಪ ಮನೇಲೇ ಇರ್ತಿದ್ರಲ್ಲ."

"ಇರ್ತಿದ್ರು ಅಲ್ಲ. ಇರಬೇಕಾಗ್ತಿತ್ತು, ಪಾಪ."

"ಅವರಿಗೆ ಹೊಳೀಲೇ ಇಲ್ವಾ?"

"ಆರು ಕುರ್ಚಿಗೆ ಬಟ್ಟೆ ಕತ್ತರಿಸಿದ್ರೆ ಗೇಣಗಲ ತುಂಡೂ ಉಳಿಸ್ತಿರಲಿಲ್ಲ, ಅಂಥ ಲೆಕ್ಕ ನಿಮ್ಮಪ್ಪಂದು," ಅಂದ ಪಾಲುದಾರ. "ಅವನಿಗೆ ಹೊಳೀದೆ ಇರುತ್ತಾ?" ಮುಖ ಒರೆಸಿಕೊಳ್ಳುವ ನೆಪದಲ್ಲಿ ಎದ್ದು ಹೊರಗೆ ಹೋದ.

ಮಗಳ ಸಿಟ್ಟು ಇಳಿಯಲು ಒಪ್ಪಲಿಲ್ಲ. ಅದು ಇಳಿದರೆ ಅಳು ಬರುತ್ತದೆಂದು ಅವಳಿಗೆ ಗೊತ್ತಿತ್ತು.

"ಏನೇ ಆಗ್ಲಿ, ಆ ಚಳೀಲಿ ಒಬ್ರೇ ಸತ್ರಲ್ಲಮ್ಮ."

"ಸತ್ರು," ಅಂದಳು ತಾಯಿ. "ಅದು ನನ್ನ ತಲೆ ಮೇಲೇ ಇರುತ್ತೆ. ಇಲ್ಲ ಅನ್ನಲ್ಲ."

*

ಆ ದಿನ ಆಕೆ ಜೈಲಿನಿಂದ ಓಡುನಡಿಗೆಯಲ್ಲಿ ಬಂದಿದ್ದಳು. ಕಿಟಕಿಗೆ ಹೇಳಬೇಕಾದ ಮಾತೊಂದು ಇತ್ತು. ಇಷ್ಟು ವರ್ಷಗಳಲ್ಲಿ ಅಂಥ ಮಾತು ಸಿಕ್ಕಿರಲಿಲ್ಲ. ಎಲ್ಲಿ ತಪ್ಪಿಹೋಗುತ್ತದೋ ಎಂದು ದಾರಿಯುದ್ದಕ್ಕೂ ಬಾಯಲ್ಲೇ ಹೇಳಿಕೊಂಡು ಬಂದಳು.

ಯಜಮಾನರು ಬೆಂಚಿನ ಮೇಲೆ ಕತ್ತು ಬಗ್ಗಿಸಿ ಕೂತಿದ್ದರು. ಪಕ್ಕದಲ್ಲಿ ಕೂತಳು. ನಿದ್ದೆ ಹತ್ತಿದೆ, ಗಾಡಿ ಬರುವವರೆಗೆ ಮಲಗಲಿ ಎಂದುಕೊಂಡಳು. ಜಾರಿದ್ದ ಮಫ್ಲರನ್ನು ಸರಿಮಾಡಿದಳು. ಗಾಡಿ ಬಂತು.

"ಏಳ್ರೀ, ಗಾಡಿ ಬಂತು."

ಬಾಗಿಲು ತೆರೆದವು, ಜನ ಇಳಿದರು, ಹತ್ತಿದರು, ಬಾಗಿಲು ಮುಚ್ಚಿದವು. ಭುಜ ಹಿಡಿದು ಅಲುಗಿಸಿದಾಗ ಅವರು ಇಡಿಯಾಗಿ ಆಕೆಯ ಮೇಲೆ ವಾಲಿದರು. ಆ ಭಾರವನ್ನು ಹಾಗೇ ತಾಳಿಕೊಂಡು, ಬಾರದ ಭಾಷೆಯಲ್ಲಿ ಯಾರನ್ನು ಹೇಗೆ ಕರೆಯಬೇಕೆಂದು ತಿಳಿಯದೆ, ಆಕೆ ಮುಂದಿನ ಗಾಡಿ ಬರುವವರೆಗೂ ಕೂತಿದ್ದಳು.

*

ವ್ಯಾನಿನಲ್ಲಿ ಪೆಟ್ಟಿಗೆಯ ಪಕ್ಕಕ್ಕೆ ಒಂದು ಉದ್ದನೆಯ ಸೀಟಿತ್ತು, ಅದರ ತುದಿಗೊಂದು ಕಿಟಕಿ. ತಾಯಿ ಕೇಳದೆಯೇ ಕಿಟಕಿಯ ಪಕ್ಕ ಹೋಗಿ ಕೂತಳು. ಮಗಳು ಹತ್ತಿ ಇನ್ನೊಂದು ತುದಿಯಲ್ಲಿ ಕೂತಳು. ಉಳಿದವರು ಹಿಂದಿನ ಕಾರುಗಳಲ್ಲಿ ಬಂದರು.

ಬೇಕರಿ, ಶಾಲೆಯ ಗೋಡೆ, ಬೀಗ ಹಾಕಿದ ಅಂಗಡಿ ದಾಟಿದವು. ತಾಯಿ ಗಾಜಿಗೆ ಮುಖ ಮಾಡಿಕೊಂಡಿದ್ದಳು.

"ಮೊನ್ನೆ ಅವನು ಕೇಳಿದ," ಅಂದಳು. "ಅಪ್ಪ ಸ್ಟೇಷನ್‌ನಲ್ಲಿ ಕೂತಿರ್ತಾರಲ್ಲ, ಚಳಿ ಆಗಲ್ವಾ ಅಂತ."

ಮಗಳು ತಲೆಯೆತ್ತಿದಳು. ತಾಯಿ ಈ ಕಡೆ ತಿರುಗಲಿಲ್ಲ.

"ಮುಂದಿನ ಸಲ ಗೇಟಿನ ತನಕ ಕರ್ಕೊಂಡು ಬಾ ಅಂದ. ಒಳಗೆ ಬರೋದು ಬೇಡ, ನನ್ನ ಮುಖ ನೋಡೋದೂ ಬೇಡ, ಬೆನ್ನು ಹಾಕ್ಕೊಂಡೇ ನಿಂತಿರ್ಲಿ. ನಾನು ಮೇಲಿನ ಕಿಟಕೀಲಿ ನಿಂತು ನೋಡ್ಕೋತೀನಿ, ಅಷ್ಟು ಸಾಕು ಅಂದ."

ವ್ಯಾನು ಒಂದು ತಿರುವು ದಾಟಿತು. ಪೆಟ್ಟಿಗೆ ಸ್ವಲ್ಪ ಜರುಗಿ ನಿಂತಿತು. ತಾಯಿ ಕಿಟಕಿಯನ್ನೇ ನೋಡುತ್ತ, ಕತ್ತು ತುಸು ಓರೆ ಮಾಡಿ, ಎಂದಿನಂತೆ ಕಾಯುತ್ತಿದ್ದಳು. ಇನ್ನೊಂದು ರಸ್ತೆ ಕಳೆಯಿತು. ಆಕೆ ಕಾಯುತ್ತಲೇ ಇದ್ದಳು.

ಮಗಳು ಕೈಚೀಲದಿಂದ ಕಾರ್ಡು ತೆಗೆದು ಪೆಟ್ಟಿಗೆಯ ಮೇಲಿಟ್ಟಳು. ಆಮೇಲೆ ತಾಯಿಗೂ ತನಗೂ ನಡುವೆ ಖಾಲಿಯಿದ್ದ ಸೀಟಿನ ಮೇಲೆ ಅಂಗೈಯಿಟ್ಟು ಒತ್ತಿದಳು.

"ಫೋಮ್ ಕೂತುಹೋಗಿದೆ," ಅಂದಳು.