ಸೊಹಾರಿಗೋ, ಶಾರ್ಜಾಕ್ಕೋ

ನನ್ನ ಗಂಡ ಉನೈಸ್ ಒಮಾನಿನ ಸೊಹಾರಿನಲ್ಲಿ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ವಿಧವೆ ಮನೆಯಲ್ಲೇ ಇರಬೇಕಾದ ಇದ್ದತ್ತಿನ ದಿನಗಳು ಮುಗಿದ ಮೇಲೆ ನಾನು ಮತ್ತೆ ಮೂಡುಬಿದಿರೆಯ ಕಾಲೇಜಿಗೆ ಅರ್ಥಶಾಸ್ತ್ರ ಪಾಠ ಮಾಡಲು ಹೋಗುತ್ತಿದ್ದೆ.

ಆ ಭಾನುವಾರ ಟ್ರಾವೆಲ್ಸಿನ ಹನೀಫಾ ಗುರುವಾಯನಕೆರೆಯ ನಮ್ಮ ಮನೆಗೆ ಬಂದರು. ನನ್ನ ಮೈದುನ ನೌಫಲನಿಗೆ ಅವರ ಬಳಿ ಎರಡು ವೀಸಾ ಇತ್ತು. ಒಂದು ಶಾರ್ಜಾದ ಗೋದಾಮಿಗೆ. ಇನ್ನೊಂದು ಸೊಹಾರಿಗೆ, ಉನೈಸ್ ಇದ್ದ ಕಂಪೆನಿಯ ಗೋದಾಮಿಗೆ, ಅವರು ಮಾಡುತ್ತಿದ್ದ ಕೆಲಸಕ್ಕೇ.

"ಸೊಹಾರೇ ಒಳ್ಳೆಯದು," ಮಾವ ಹೇಳಿದರು. "ರಿಯಾಲಿಗೆ ಇನ್ನೂರರ ಮೇಲುಂಟು. ದಿರ್ಹಮಿಗೆ ಏನುಂಟು? ಇಪ್ಪತ್ತಮೂರೋ ಇಪ್ಪತ್ತನಾಲ್ಕೋ."

ಐದು ವರ್ಷದ ಹಿಂದೆ ಉನೈಸನಿಗೂ ಇದನ್ನೇ ಹೇಳಿದ್ದರು. ಆಗ ನಾನು ಈ ಮನೆಗೆ ಹೊಸಬಳು. ನೋಟಿನ ಬೆಲೆ ಹೆಚ್ಚಿದ್ದ ಮಾತ್ರಕ್ಕೆ ಸಂಬಳ ಹೆಚ್ಚಾಗುವುದಿಲ್ಲ ಎಂದು ತಿದ್ದಲಿಲ್ಲ.

"ಅಲ್ಲಿಗೆ ಬೇಡ," ಅಡುಗೆಮನೆಯಿಂದ ಅತ್ತೆಯ ಸ್ವರ. "ಒಬ್ಬ ಸಾಕು."

"ಒಮಾನ್ ಏನು ಮಾಡಿತು ಮಾರಾಯ್ತಿ? ಅವನ ಆಯುಷ್ಯ ಅಷ್ಟೇ."

ನೌಫಲ್ ನನ್ನ ಕಡೆ ತಿರುಗಿದ. "ಅತ್ತಿಗೆ, ನೀವು ಎಂ.ಎ. ಮಾಡಿದವರು. ಎರಡೂ ದೇಶ ತೂಗಿ ಹೇಳಿ. ನೀವು ಹೇಳಿದಲ್ಲಿಗೆ ಹೋಗ್ತೇನೆ."

"ಇನ್ನು ಬ್ಲಾಕ್ ಬೋರ್ಡೊಂದು ತರಿಸಬೇಕು," ಎಂದರು ಹನೀಫಾ.

ನಾನು ಒಂದು ಹಾಳೆ ತಂದು ಹನೀಫಾರನ್ನು ಕೇಳುತ್ತಾ ಬರೆದೆ. ಶಾರ್ಜಾದಲ್ಲಿ ಕೋಣೆಗೆ ಎಂಟು ಜನ, ಊಟ ಸ್ವಂತದ್ದು, ಕೆಲಸಕ್ಕೆ ಹೋಗಲು ಒಂದು ಗಂಟೆಯ ಬಸ್ಸು. ಸೊಹಾರಿನಲ್ಲಿ ಕೋಣೆಗೆ ನಾಲ್ಕು ಜನ, ಕಂಪೆನಿಯ ಮೆಸ್ಸು, ನಡೆದುಹೋಗುವಷ್ಟು ಹತ್ತಿರ. ಶಾರ್ಜಾದಲ್ಲಿ ಸಾವಿರದೈನೂರು ದಿರ್ಹಮ್, ಸೊಹಾರಿನಲ್ಲಿ ನೂರಮೂವತ್ತು ರಿಯಾಲ್. ಎರಡನ್ನೂ ರೂಪಾಯಿ ಮಾಡಿ, ಖರ್ಚು ಕಳೆದು ಮಾವನಿಗೆ ತೋರಿಸಿದೆ. ಕೈಯಲ್ಲಿ ಉಳಿಯುವುದು ಹೆಚ್ಚುಕಡಿಮೆ ಒಂದೇ.

ಮಾವ ಹಾಳೆಯನ್ನು ತುಂಬ ಹೊತ್ತು ನೋಡಿದರು. "ಹಾಗಾದರೆ ಉನೈಸನನ್ನು ನಾನು..." ಎಂದು ನಿಲ್ಲಿಸಿದರು.

"ಹಣ ಒಂದೇ ಆದರೆ ಸೊಹಾರು," ಎಂದರು ಹನೀಫಾ. "ರೂಮು ಒಳ್ಳೆಯದುಂಟು. ಉನೈಸನ ಮಂಚವೇ ಖಾಲಿ ಉಂಟಲ್ಲ."

ನೌಫಲ್ ತಲೆ ತಗ್ಗಿಸಿದ. ಅವನ ಪಾಸ್‌ಪೋರ್ಟ್ ಆಗಲೇ ಹನೀಫಾರ ಕೈಯಲ್ಲಿತ್ತು.

"ಹುಷಾರಿಲ್ಲದೆ ಆಸ್ಪತ್ರೆಗೆ ಹೋದ ದಿನ ಸಂಬಳ ಹಿಡಿಯುತ್ತಾರಾ?" ಎಂದು ಕೇಳಿದೆ.

"ಅದನ್ನೆಲ್ಲ ಯಾರೂ ಕೇಳುವುದಿಲ್ಲ ಮೇಡಂ. ಎರಡು ಕಡೆಯೂ ಕಾನೂನು ಉಂಟು."

"ಕಾನೂನು ಉಂಟು. ಸೊಹಾರಿನ ಆ ಕಂಪೆನಿಯಲ್ಲಿ ಹಿಡಿಯುತ್ತಾರೆ." ನನ್ನ ಸ್ವರ ತರಗತಿಯಲ್ಲಿ ಇರುವ ಹಾಗೆಯೇ ಇತ್ತು. "ಕೊನೆಯ ಸೋಮವಾರ ಅವರು ಫೋನಿನಲ್ಲಿ ಎದೆ ನೋಯುತ್ತದೆ ಎಂದಿದ್ದರು. ಕ್ಲಿನಿಕ್ಕಿಗೆ ಹೋದರೆ ಒಂದು ದಿನದ ಸಂಬಳ ಹೋಗುತ್ತದೆ, ಏನು ಮಾಡಲಿ ಎಂದು ಕೇಳಿದರು. ಶುಕ್ರವಾರ ಹೇಗೂ ರಜೆ, ಆಗ ತೋರಿಸಿ ಎಂದೆ."

ಉನೈಸ್ ಗೋದಾಮಿನಲ್ಲಿ ಕುಸಿದದ್ದು ಬುಧವಾರ. ಒಂಬತ್ತು ತಿಂಗಳು ಇದನ್ನು ಯಾರಿಗೂ ಹೇಳಿರಲಿಲ್ಲ.

ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು. ಬೈಯಲಿ ಎಂದು ಕಾದೆ.

"ನನಗೂ ಹೇಳಿದ್ದ," ಎಂದರು. "ಗ್ಯಾಸಿನದ್ದು ಇರಬೇಕು, ಸ್ವಲ್ಪ ಓಮ ತಿನ್ನು ಎಂದೆ."

ರಸ್ತೆಯಲ್ಲಿ ಬೆಳ್ತಂಗಡಿಯ ಬಸ್ಸು ಹೋಯಿತು.

"ಹನೀಫಾಕ, ಶಾರ್ಜಾದವರನ್ನು ಕೇಳಿ," ನೌಫಲ್ ಹೇಳಿದ. "ಅತ್ತಿಗೆ ಕೇಳಿದ್ದನ್ನೇ ಕೇಳಿ."

"ಇಂಥದ್ದೆಲ್ಲ ಕೇಳಿದರೆ ವೀಸಾ ಬೇರೆಯವರಿಗೆ ಹೋಗ್ತದೆ ಮಾರಾಯ."

"ಹೋಗಲಿ," ಎಂದರು ಮಾವ, ಕೈ ಚಾಚಿ. "ಸೊಹಾರು ಬೇಡ. ಆಸ್ಪತ್ರೆಗೆ ಹೋದರೆ ಸಂಬಳ ಹಿಡಿಯುವುದಿಲ್ಲ ಎಂದು ಶಾರ್ಜಾದವರು ಬರೆದು ಕೊಡಲಿ. ಅಲ್ಲಿವರೆಗೆ ಅವನ ಪಾಸ್‌ಪೋರ್ಟ್ ಇಲ್ಲಿ ಕೊಡು."