ಅಜ್ಜನನ್ನು ಬೀಳಿಸಿದ್ದು

ಆ ಡ್ರೋನಿಗೆ ಅಜ್ಜ ಎಂದು ಹೆಸರಿಟ್ಟವನು ಅಣ್ಣನೇ. ಎಬ್ಬಿಸಿದರೆ ಮೊದಲು ಒಂದಿಷ್ಟು ಗೊಣಗುತ್ತದೆ, ಗಾಳಿ ಜೋರಾದರೆ ತೂರಾಡುತ್ತದೆ, ಆದರೆ ಒಪ್ಪಿಕೊಂಡ ಕೆಲಸವನ್ನು ಕೈಬಿಡುವುದಿಲ್ಲ ಎಂಬುದು ಅವನ ವಿವರಣೆ. ಅಣ್ಣನದು ಫೋಟೊ ಸ್ಟುಡಿಯೊ. ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಫೋಟೊ, ಹಿಂದಿನ ಕೋಣೆಯಲ್ಲಿ ರಿಪೇರಿ ಮೇಜು. ಮುನಿಸಿಕೊಂಡ ಕ್ಯಾಮೆರಾ, ಉರಿಯಲೊಲ್ಲದ ಫ್ಲ್ಯಾಶು, ಯಾರೋ ನೀರಿಗೆ ಬೀಳಿಸಿದ ಲೆನ್ಸು ಎಲ್ಲವೂ ಆ ಮೇಜಿಗೆ ಬಂದು ಜೀವ ಪಡೆದುಕೊಂಡು ಹೋಗುತ್ತಿದ್ದವು. ಡ್ರೋನ್ ಹಾರಿಸುವ ಕೆಲಸ ಮಾತ್ರ ತಂಗಿಯದು. ಮದುವೆ, ಕಾಲೇಜಿನ ಜಾಹೀರಾತು, ಹೊಸ ಕಟ್ಟಡ, ಯಾರು ಕರೆದರೂ ಅಜ್ಜನನ್ನು ಪೆಟ್ಟಿಗೆಗೆ ತುಂಬಿಕೊಂಡು ಸ್ಕೂಟರಿನಲ್ಲಿ ಹೊರಡುತ್ತಿದ್ದಳು.

ಅವಳಿಗೆ ಅಜ್ಜನ ಮೇಲಿನ ಮಮತೆ ತೀರಿ ಬಹಳ ಕಾಲವಾಗಿತ್ತು. ಈಗಿನ ಡ್ರೋನುಗಳಿಗೆ ಮೈತುಂಬ ಕಣ್ಣು. ಗೋಡೆ ಕಂಡರೆ ತಾವಾಗಿಯೇ ನಿಲ್ಲುತ್ತವೆ. ಅಜ್ಜನಿಗೆ ಇರುವುದು ಚಿತ್ರ ತೆಗೆಯುವ ಒಂದೇ ಕಣ್ಣು. ಗೋಡೆಯೋ ಮರವೋ, ಹಾರಿಸುವವಳೇ ನೋಡಿಕೊಳ್ಳಬೇಕು. ಹೊಸದು ತಗೊಳ್ಳೋಣ ಎಂದು ಅವಳು ಬಾಯಿ ತೆರೆದಾಗಲೆಲ್ಲ ಅಣ್ಣನ ಉತ್ತರ ತಯಾರಿರುತ್ತಿತ್ತು.

"ಹಾರ್ತಿದೆಯಾ? ಹಾರ್ತಿದೆ. ಚಿತ್ರ ಚೆನ್ನಾಗಿ ಬರ್ತಿದೆಯಾ? ಬರ್ತಿದೆ. ಮತ್ತೆ ಅದರ ವಯಸ್ಸು ಯಾಕೆ ಕೇಳ್ತೀಯಾ, ಹೆಣ್ಣು ಕೊಡ್ತೀಯೇನು ಅದಕ್ಕೆ?"

ಅತ್ತಿಗೆ ನಗುತ್ತಿದ್ದಳು. ತಂಗಿಗೂ ನಗು ತಡೆಯುತ್ತಿರಲಿಲ್ಲ. ನಕ್ಕ ಮೇಲೆ ಜಗಳ ಮುಂದುವರಿಸುವುದು ಹೇಗೆ? ಅಣ್ಣ ಗೆದ್ದವನಂತೆ ಎದ್ದು ಮೇಜಿಗೆ ಹೋಗುತ್ತಿದ್ದ.

ಹೀಗಿರುವಾಗ ಒಬ್ಬ ಕಂಟ್ರ್ಯಾಕ್ಟರು ತಾನು ಕಟ್ಟಿಸುತ್ತಿದ್ದ ಮನೆಗಳ ವಿಡಿಯೊ ತೆಗೆಯಲು ಅವಳನ್ನು ಕರೆಸಿದ. ಅವಳು ಪೆಟ್ಟಿಗೆ ತೆರೆದದ್ದೇ ತಡ, ತನ್ನ ಜನರನ್ನೆಲ್ಲ ಕೂಗಿದ. "ಬನ್ರೋ ಇಲ್ಲಿ! ಇದು ಇನ್ನೂ ಹಾರುತ್ತಂತೆ!" ಎಲ್ಲರೂ ಸುತ್ತ ನಿಂತು ನಕ್ಕರು. ಅಷ್ಟಕ್ಕೇ ಸುಮ್ಮನಾದನೇ ಆ ಮಹಾರಾಯ? "ನಮ್ಮ ಮಗಳ ಹತ್ರ ಆಟ ಆಡೋಕೆ ಇದಕ್ಕಿಂತ ಒಳ್ಳೇದಿದೆ ಮೇಡಂ. ಬೇಕಿದ್ರೆ ಕೇಳಿ ತಂದ್ಕೊಡ್ತೀನಿ" ಎಂದು ಕೊನೆಯವರೆಗೂ ಕಿಚಾಯಿಸಿದ. ಅವಳು ಹಲ್ಲು ಕಚ್ಚಿಕೊಂಡು ಬೇಕಾದ ದೃಶ್ಯಗಳನ್ನೆಲ್ಲ ತೆಗೆದು ಮುಗಿಸಿದಳು.

ಕಂಟ್ರ್ಯಾಕ್ಟರು ಚಹಾ ಕುಡಿಯಲು ಹೋದ. ಅಜ್ಜ ಇನ್ನೂ ಮೇಲೆಯೇ ಇದ್ದ, ಕಟ್ಟಡದ ಹಿಂಬದಿಯಲ್ಲಿ. ಎದುರಿಗೆ ನೀರಿನ ಟ್ಯಾಂಕು ಹೊತ್ತ ಕಂಬ. ತಿರುಗಿಸಿ ಕೆಳಗಿಳಿಸಿದ್ದರೆ ಮುಗಿದಿತ್ತು. ಅವಳು ತಿರುಗಿಸಲಿಲ್ಲ. ಪರದೆಯ ತುಂಬ ಕಂಬವೇ ಆಗುವವರೆಗೆ ನೇರವಾಗಿ ಬಿಟ್ಟಳು. ಆಮೇಲೆ ಪರದೆ ಕಪ್ಪಾಯಿತು. ಆ ಕ್ಷಣ ಅವಳಿಗಾದದ್ದು ಖುಷಿಯೇ. ಇದರಲ್ಲಿ ಮುಚ್ಚುಮರೆ ಯಾಕೆ? ಮುರಿದು ಬಿದ್ದ ಅಜ್ಜನನ್ನು ಕೆಲಸದ ಹುಡುಗನೊಬ್ಬ ಹೆಕ್ಕಿ ತಂದುಕೊಟ್ಟ.

"ಗಾಳೀಲೇ ಮೋಟರ್ ನಿಂತ್ಹೋಯ್ತು ಅಣ್ಣಾ" ಎಂದು ಸ್ಟುಡಿಯೊಗೆ ಬಂದವಳೇ ಪೆಟ್ಟಿಗೆಯನ್ನು ರಿಪೇರಿ ಮೇಜಿನ ಮೇಲಿಟ್ಟಳು. ಹಳೇದು, ಇನ್ನೇನು ಮಾಡೋಕಾಗುತ್ತೆ ಎಂಬ ಮಾತು ಅವನ ಬಾಯಿಂದ ಬರಲೆಂದು ಕಾದಳು.

"ಯಾವ ಮೋಟರು?"

ಈ ಪ್ರಶ್ನೆಗೆ ಅವಳು ತಯಾರಾಗಿರಲಿಲ್ಲ. ಯಾವ ತೋಳು ಮುರಿದಿತ್ತೆಂದು ನೆನಪು ಮಾಡಿಕೊಂಡು, "ಮುಂದಿನ ಎಡಗಡೇದು" ಎಂದಳು.

ಅಣ್ಣನ ಮುಖ ಬಿಳಿಚಿಕೊಂಡಿತು. ಹೋದ ತಿಂಗಳಷ್ಟೇ ಆ ಮೋಟರಿನ ತಂತಿಗಳು ಸಡಿಲವಾಗಿದ್ದವು. ಬಿಚ್ಚಿ ಹೊಸದಾಗಿ ಬೆಸುಗೆ ಹಾಕಿದವನು ಅವನೇ. ಅದು ಅವಳಿಗೆ ಮರೆತೇಹೋಗಿತ್ತು. ಸುಳ್ಳು ಹೇಳಲು ಹೊರಟವರಿಗೆ ಇಷ್ಟಾದರೂ ನೆನಪು ಬೇಡವೇ!

"ಯಾರದಾದ್ರೂ ತಲೆ ಮೇಲೆ ಬಿದ್ದಿದ್ರೆ ಏನ್ ಗತಿ ಪುಟ್ಟೀ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕುರ್ಚಿಯಲ್ಲಿ ಕುಸಿದ. ನಿಜವನ್ನು ಅವಳು ಆಗಲೇ ಹೇಳಿಬಿಡಬಹುದಿತ್ತು. ನಾಳೆ ಸರಿಹೋಗ್ತಾನೆ ಎಂದುಕೊಂಡು ನಾಲಿಗೆಯನ್ನು ಬಿಗಿ ಹಿಡಿದಳು. ಅಣ್ಣ ಪೆಟ್ಟಿಗೆಯನ್ನು ತೆರೆದೂ ನೋಡದೆ ಅಟ್ಟಕ್ಕೆ ಹಾಕಿದ.

ಹೊಸ ಡ್ರೋನು ಬಂತು. ಅವಳು ಕೇಳುವ ಮೊದಲೇ ಅವನೇ ತರಿಸಿದ. ಅದು ಬಲು ಸಾಧು ಪ್ರಾಣಿ. ಸದ್ದಿಲ್ಲದೆ ಏಳುತ್ತದೆ, ಹೇಳಿದಲ್ಲಿ ನಿಲ್ಲುತ್ತದೆ, ಬೇಕೆಂದೇ ಗುದ್ದಿಸಲು ಹೋದರೂ ಕೀಂಯ್ ಎಂದು ಹಿಂದೆ ಸರಿಯುತ್ತದೆ. ಆದರೆ ಅವಳಿಗೆ ಅದು ದಕ್ಕಲಿಲ್ಲ. ಅದನ್ನು ಕೈಗೆತ್ತಿಕೊಂಡಾಗಲೆಲ್ಲ ಕದ್ದು ತಂದಂತೆ ಮೈ ಮುದುಡುತ್ತಿತ್ತು.

ಅಣ್ಣ ಸರಿಹೋಗಲಿಲ್ಲ. ರಿಪೇರಿಗೆಂದು ಬಂದವರನ್ನು "ಈಗ ಮಾಡ್ತಿಲ್ಲ ಸ್ವಾಮೀ" ಎಂದು ಬಾಗಿಲಿಂದಲೇ ಕಳಿಸತೊಡಗಿದ. ಮೇಜಿನ ಮೇಲೆ ಫೋಟೊ ಚೌಕಟ್ಟುಗಳು ಬಂದು ಕೂತವು. ಒಂದು ದಿನ ಅತ್ತಿಗೆ ಬಟ್ಟೆ ಮಡಚುತ್ತಾ, ಊಟಕ್ಕೆ ಕೂತಿದ್ದ ತಂಗಿಗೆ ಹೇಳಿದಳು:

"ನಿಮ್ಮಣ್ಣ ಕಣ್ಣು ತೋರಿಸ್ಕೊಂಡು ಬಂದ್ರು. ಕಣ್ಣು ಚೆನ್ನಾಗೇ ಇದೆ ಅಂದ್ರಂತೆ ಡಾಕ್ಟ್ರು. ಹಾಗಾದ್ರೆ ಹೋಗಿರೋದು ಕೈಯೇ ಅಂತ ಕೂತಿದ್ದಾರೆ. ನೀನೇ ಸ್ವಲ್ಪ ಹೇಳು. ನಿನ್ನ ಮಾತಂದ್ರೆ ಅವರಿಗೆ ವೇದವಾಕ್ಯ."

ಅತ್ತಿಗೆ ಬೈದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ತಾನು ಮಾಡಿದ್ದು ಬರೀ ಒಂದು ಯಂತ್ರ ಒಡೆದದ್ದಲ್ಲ, ಅಣ್ಣನ ಕೈ ಮುರಿದದ್ದು ಎಂದು ಅವಳಿಗೆ ಚೆನ್ನಾಗಿಯೇ ಅರ್ಥವಾಯಿತು. ಊಟ ಬಿಟ್ಟೆದ್ದು ಸೀದಾ ಸ್ಟುಡಿಯೊಗೆ ಹೋದಳು.

ಅಣ್ಣ ಚೌಕಟ್ಟಿನ ಗಾಜು ಒರೆಸುತ್ತಿದ್ದ.

"ಅಣ್ಣಾ, ಮೋಟರ್ ನಿಂತಿರ್ಲಿಲ್ಲ. ನಾನೇ ಬೇಕಂತ ಕಂಬಕ್ಕೆ ಗುದ್ದಿಸಿದ್ದು. ಹೊಸದು ಬರ್ಲಿ ಅಂತ."

ಅಣ್ಣ ಅವಳನ್ನು ನೋಡಿ ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ. "ನಿಮ್ಮತ್ತಿಗೆ ಕಳಿಸಿದ್ಲಾ? ನನಗೆ ಸಮಾಧಾನ ಆಗ್ಲಿ ಅಂತ ನಿನ್ನ ಮೇಲೆ ಹಾಕ್ಕೋಬೇಡ ಪುಟ್ಟೀ. ನೀನು ಅಂಥವಳಲ್ಲ."

ತಪ್ಪು ಒಪ್ಪಿಕೊಂಡರೆ ಬೈಗುಳ ಬೀಳುತ್ತದೆ, ಆಮೇಲೆ ಹೇಗೋ ಹಗುರವಾಗುತ್ತದೆ ಎಂದುಕೊಂಡು ಬಂದವಳಿಗೆ ಈ ಮಾತು ಕೇಳಿ ಅಲ್ಲಿಯೇ ಭೂಮಿಗಿಳಿದುಹೋಗಬೇಕು ಅನಿಸಿತು. ಆಣೆ ಇಟ್ಟಳು. ಅವನು ಗಾಜು ಒರೆಸುತ್ತಲೇ ಇದ್ದ. "ಸಾಕು, ಮನೆಗೆ ನಡಿ" ಎಂದ.

ಅವಳು ಸ್ಟೂಲು ಎಳೆದು ಅಟ್ಟಕ್ಕೆ ಕೈಹಾಕಿ ಪೆಟ್ಟಿಗೆ ಇಳಿಸಿದಳು. "ಸಾಕು ಅಂದ್ನಲ್ಲ" ಎಂದು ಅಣ್ಣ ಮುಖ ತಿರುಗಿಸಿದ. ಅವಳು ಕೇಳಲಿಲ್ಲ. ಚೌಕಟ್ಟುಗಳನ್ನು ಪಕ್ಕಕ್ಕೆ ಸರಿಸಿ ಅಜ್ಜನನ್ನು ಮೇಜಿನ ಮೇಲಿಟ್ಟಳು. ಎಡಗಡೆಯ ತೋಳು ಮಧ್ಯದಲ್ಲೇ ಮುರಿದು, ಮೋಟರು ತಂತಿಗಳಿಂದ ಜೋತಾಡುತ್ತಿತ್ತು. ರೆಕ್ಕೆಗಳನ್ನೆಲ್ಲ ಬಿಚ್ಚಿದಳು, ಬ್ಯಾಟರಿ ಹಾಕಿದಳು, ರಿಮೋಟಿನಿಂದ ಚಾಲೂ ಮಾಡಿದಳು. ಅಜ್ಜ ಗೊಣಗಿಕೊಂಡ. ನೆಟ್ಟಗಿದ್ದ ಮೂರು ಮೋಟರುಗಳು ತಿರುಗಿದವು. ಜೋತುಬಿದ್ದಿದ್ದ ನಾಲ್ಕನೆಯದೂ ಅವುಗಳ ಜೊತೆಗೇ ಗಿರ್ರನೆ ತಿರುಗಿತು.

ಅಣ್ಣ ಹತ್ತಿರ ಬಂದ. ಎಲ್ಲವನ್ನೂ ನಿಲ್ಲಿಸಿ, ಭೂತಗನ್ನಡಿ ಹಿಡಿದು ಬಗ್ಗಿದ. ತೋಳಿನ ಪ್ಲಾಸ್ಟಿಕ್ಕು ಚೂರಾಗಿತ್ತು, ತಂತಿಯ ಹೊದಿಕೆ ಹರಿದಿತ್ತು, ಬೆಸುಗೆ ಮಾತ್ರ ಕೂದಲೆಳೆಯಷ್ಟೂ ಕದಲಿರಲಿಲ್ಲ. ಅವನು ಉಗುರಿನಿಂದ ಅದನ್ನು ಎಬ್ಬಿಸಿ ನೋಡಿದ. ಜಗ್ಗಿ ನೋಡಿದ.

ಈಗ ಅಣ್ಣನ ಮುಖ ಅರಳುತ್ತದೆ ಎಂದು ಅವಳು ಕಾದಳು. ಬೈಯುತ್ತಾನೆ, ಬೈದರೂ ಅರಳುತ್ತದೆ. ಅವನು ಭೂತಗನ್ನಡಿಯನ್ನು ಕೆಳಗಿಟ್ಟು, ಯಾರೋ ಅಪರಿಚಿತರನ್ನು ವಿಚಾರಿಸುವಂತೆ ಕೇಳಿದ:

"ಬೀಳಿಸೋ ಮುಂಚೆ ಕೆಳಗೆ ಯಾರಾದ್ರೂ ಇದ್ದಾರಾ ಅಂತ ನೋಡಿದ್ಯಾ?"

ಅವಳು ಬಾಯಿ ತೆರೆದಳು. ಕಂಬ ಕಣ್ಣ ಮುಂದೆ ಬಂತು, ಕಂಟ್ರ್ಯಾಕ್ಟರನ ನಗು ಕಿವಿಗೆ ಬಂತು. ಕೆಳಗೆ ಏನಿತ್ತೆಂದು ಎಷ್ಟು ತಡಕಾಡಿದರೂ ಸಿಗಲಿಲ್ಲ. ಮರಳು ರಾಶಿಯೋ, ಇಟ್ಟಿಗೆ ಹೊರುವವರು ಬುತ್ತಿ ಬಿಚ್ಚಿಕೊಂಡು ಕೂತಿದ್ದರೋ? ಅವಳು ನೋಡಿರಲೇ ಇಲ್ಲ. ಇಷ್ಟು ದಿನ ಅಣ್ಣನ ಕೈಯ ಬಗ್ಗೆ ಸಂಕಟಪಟ್ಟವಳಿಗೆ ಈ ವಿಷಯ ಒಮ್ಮೆಯೂ ಹೊಳೆದಿರಲಿಲ್ಲ.

"ಇಲ್ಲ" ಎಂದಳು.

ಅಣ್ಣ ಬೆಸುಗೆ ಕಡ್ಡಿಯನ್ನು ಕಾಯಲು ಹಾಕಿದ. ಅವನ ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ. ಅದನ್ನು ನೋಡಿ ಅವಳಿಗೆ ಅಳು ಬಂತು. ಅವನು ಸಮಾಧಾನ ಮಾಡಲಿಲ್ಲ, ಹೋಗು ಎಂದೂ ಹೇಳಲಿಲ್ಲ.

ಅಜ್ಜನಿಗೆ ಹೊಸ ತೋಳು ಬಂತು. ಮುಂದಿನ ಕೆಲಸ ಒಂದು ಕಾಲೇಜಿನದು. ಹೊರಡುವ ಹೊತ್ತಿಗೆ ಅಣ್ಣ ಹೊಸ ಡ್ರೋನನ್ನು ಪಕ್ಕಕ್ಕಿಟ್ಟು ಹಳೆಯ ಪೆಟ್ಟಿಗೆಯನ್ನೇ ಅವಳ ಕೈಗೆ ಕೊಟ್ಟ. "ಇದಕ್ಕೇನೂ ಆಗಿಲ್ಲ. ಇನ್ನೂ ಎಷ್ಟೋ ವರ್ಷ ಹಾರುತ್ತೆ" ಎಂದವನು ಸ್ಟುಡಿಯೊಗೆ ಬೀಗ ಹಾಕಿಕೊಂಡು ಸ್ಕೂಟರಿನ ಹಿಂದೆ ಹತ್ತಿ ಕೂತ. ಯಾಕೆ ಬರುತ್ತೀಯ ಎಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಕಾಲೇಜಿನ ಅಂಗಳದಲ್ಲಿ ಅಜ್ಜ ಮೊದಲಿನ ಹಾಗೆಯೇ ಸಲೀಸಾಗಿ ಮೇಲೆದ್ದ. ಪ್ರಿನ್ಸಿಪಾಲರು, ಗುಮಾಸ್ತರು, ತೋಟದ ಮಾಲಿ ಎಲ್ಲರೂ ಕತ್ತೆತ್ತಿ ನೋಡುತ್ತಾ ನಿಂತರು. ಅಣ್ಣ ಮೇಲೆ ನೋಡಲಿಲ್ಲ. ಅವಳ ಮಗ್ಗುಲಲ್ಲೇ ನಿಂತು, ಕೆಲಸ ಮುಗಿಯುವವರೆಗೂ ರಿಮೋಟಿನ ಮೇಲಿದ್ದ ಅವಳ ಹೆಬ್ಬೆರಳುಗಳನ್ನೇ ನೋಡುತ್ತಿದ್ದ.